ಗುಬ್ಬಿಯ ಕುರ್ಚಿಯಲ್ಲಿ ಕೂತವರು

ಸಾಲಾಗಿ ತೂಗುಹಾಕಿದ್ದ ಕೋಟುಗಳಲ್ಲಿ ಒಂದಕ್ಕೂ ಎರಡನೆಯ ಗುಂಡಿ ಹಾಕಿರಲಿಲ್ಲ.

ಮೇಲಿನದು ಹಾಕಿತ್ತು, ಮೂರನೆಯದು ಹಾಕಿತ್ತು, ನಡುವಿನದು ಬಿಚ್ಚಿತ್ತು. ಕರಿ ಕೋಟು, ಬೂದು ಕೋಟು, ಯಾವುದೋ ಮಗುವಿನ ಗೇಣುದ್ದದ ಕೋಟು, ಎಲ್ಲಕ್ಕೂ ಅದೇ ಶಿಸ್ತು. ಡ್ರೈಕ್ಲೀನಿಂಗ್ ಅಂಗಡಿಯ ಬಾಗಿಲಲ್ಲೇ ನಾನು ನಿಂತುಬಿಟ್ಟೆ. ಇಷ್ಟು ದಿನ ನನ್ನ ತಲೆ ತಿಂದಿದ್ದ ಪ್ರಶ್ನೆಯ ಉತ್ತರ ಇಲ್ಲಿ ಹ್ಯಾಂಗರಿಗೆ ನೇತಾಡುತ್ತಿತ್ತು.

“ಬಟ್ಟೆ ಕೊಡೋಕೆ ಬಂದ್ರಾ, ತಗೊಳ್ಳೋಕೆ ಬಂದ್ರಾ?” ಇಸ್ತ್ರಿ ಮೇಜಿನ ಹಿಂದಿನಿಂದ, ನಾನು ಹುಡುಕಿಕೊಂಡು ಬಂದಿದ್ದ ಅಕ್ಕ ಕೇಳಿದಳು.

“ಕೇಳೋಕೆ ಬಂದೆ. ನಿಮ್ಮ ತಂಗಿ ಕಳಿಸಿದ್ದಾರೆ.”

ಅಕ್ಕನ ಕೈ ನಿಲ್ಲಲಿಲ್ಲ. ಇಸ್ತ್ರಿಪೆಟ್ಟಿಗೆ ಅಂಗಿಯ ತೋಳಿನ ಮೇಲೆ ಹೋಗಿ ಬಂತು, ಹಬೆ ಎದ್ದಿತು. “ಓ, ನೀವೇನಾ ಆ ಪತ್ತೇದಾರರು? ಕೂತ್ಕೊಳ್ಳಿ, ಆ ಗಂಟು ಪಕ್ಕಕ್ಕೆ ತಳ್ಳಿ” ಎಂದಳು.

ಭಾನುವಾರ ಕಂಪ್ಯೂಟರ್ ಆಟದ ನಡುವೆ ತನ್ನ ತಂಡವನ್ನು ಸಾಯಲು ಬಿಟ್ಟು ನಡೆದುಹೋದ ಗುಬ್ಬಿ ನಾನಲ್ಲ, ನನ್ನ ಹೆಸರಿನಲ್ಲಿ ಬೇರೆ ಯಾರೋ ಆಡಿದ್ದಾರೆ, ಅವರನ್ನು ಹಿಡಿದುಕೊಡಿ ಎಂದು ತಂಗಿ ನನ್ನ ಹತ್ತಿರ ಬಂದಿದ್ದಳು.

ಈ ಆಟದ ತಲೆಬುಡ ನನಗೂ ಗೊತ್ತಿರಲಿಲ್ಲ. ಎಲ್ಲೆಲ್ಲೋ ಕೂತವರು ಕಂಪ್ಯೂಟರಿನಲ್ಲಿ ಒಂದೊಂದು ಪಾತ್ರವಾಗಿ ಒಟ್ಟು ಸೇರುತ್ತಾರೆ. ಗುಹೆಗಳನ್ನು ದಾಟಿ ರಾಕ್ಷಸನನ್ನು ಕೊಲ್ಲಬೇಕು. ಗುರಾಣಿ ಹಿಡಿದವನು ಮುಂದೆ, ಬಿಲ್ಲಿನವರು ಹಿಂದೆ, ಮದ್ದು ಕೊಟ್ಟು ಎಲ್ಲರ ಜೀವ ಉಳಿಸುವವಳು ನಡುವೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಈ ತಂಗಿ ಅಲ್ಲಿ ಮದ್ದು ಕೊಡುವವಳು, ಹೆಸರು ಗುಬ್ಬಿ. ಮದ್ದು ಕೊಡುವವರಲ್ಲಿ ಅವಳದೇ ಮೊದಲನೆಯ ಸ್ಥಾನ. ಎರಡನೆಯ ಸ್ಥಾನ ಹದ್ದಿನದು, ಅಂದರೆ ಆ ತಂಡಕ್ಕೆ ಸೇರದ ಈ ಅಕ್ಕನದು. ಹದ್ದಿನ ನೆತ್ತಿಯ ಮೇಲೆ ಗುಬ್ಬಿ ಕೂತಿದೆ ಎಂದು ತಿಳಿದಾಗ ನಾನು ನಕ್ಕಿದ್ದೆ. ಅಕ್ಕನ ಮುಖ ನೋಡಿದ ಮೇಲೆ ಆ ನಗು ಉಳಿಯಲಿಲ್ಲ.

ಇವತ್ತು ಸಂಜೆ ತಂಡದವರೆಲ್ಲ ನಾಯಕನ ಕ್ಲಿನಿಕ್ಕಿನಲ್ಲಿ ಸೇರುತ್ತಾರೆ. ಗುಬ್ಬಿ ಇರಬೇಕೋ ಬೇಡವೋ ಎಂದು ಕೈ ಎತ್ತಿ ತೀರ್ಮಾನಿಸುತ್ತಾರೆ. ತಂಡದಿಂದ ಹೊರಬಿದ್ದರೆ ದೊಡ್ಡ ಪಂದ್ಯವಿಲ್ಲ, ಮೊದಲನೆಯ ಸ್ಥಾನವೂ ಇಲ್ಲ. “ನನ್ನ ಜೀವನದಲ್ಲಿ ನಾನು ಮೊದಲು ಬಂದಿರೋದು ಇದೊಂದರಲ್ಲೇ ಮೇಡಂ” ಎಂದು ತಂಗಿ ನನ್ನೆದುರು ಕಣ್ಣು ಒರೆಸಿಕೊಂಡಿದ್ದಳು.

“ಭಾನುವಾರ ತಂಗಿ ಮನೆಗೆ ಹೋಗಿದ್ರಾ?” ನಾನು ಅಕ್ಕನನ್ನು ಕೇಳಿದೆ.

“ಇಲ್ಲ. ಆ ಕಡೆ ತಲೆ ಹಾಕಿ ಎಷ್ಟು ಕಾಲ ಆಯ್ತೋ.”

“ಹಾಗಾದ್ರೆ ಅವರ ಕುರ್ಚಿ ಮೇಲೆ ಎಸೆದಿದ್ದ ಉಣ್ಣೆ ಕೋಟಿಗೆ ಮೇಲಿನ ಗುಂಡಿ, ಮೂರನೇ ಗುಂಡಿ ಹಾಕಿ, ಭುಜ ಸರಿಮಾಡಿ, ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದು ಯಾರು?”

ಇಸ್ತ್ರಿಪೆಟ್ಟಿಗೆ ನಿಂತಿತು.

“ನಿಮ್ಮ ತಂಗಿ ಕೋಟನ್ನ ತೂಗುಹಾಕೋ ಪೈಕಿ ಅಲ್ಲ” ಎಂದೆ. “ಅವರ ಕೋಣೆ ನೋಡಿದ್ದೀನಿ. ಟವೆಲ್ ಒಂದು ಕಡೆ, ದಿಂಬು ಒಂದು ಕಡೆ. ಆ ಗಲೀಜಿನ ಮಧ್ಯೆ ಒಂದೇ ಒಂದು ಕೋಟು ಮಾತ್ರ ಅಂಗಡಿಯಿಂದ ಬಂದ ಹಾಗೆ ನೀಟಾಗಿತ್ತು. ಬಾಗಿಲು ಮುರಿದಿರಲಿಲ್ಲ, ಒಂದು ವಸ್ತುವೂ ಕಳುವಾಗಿರಲಿಲ್ಲ. ಕೋಟಿಗೆ ಒಂದು ಬಿಟ್ಟು ಒಂದು ಗುಂಡಿ ಹಾಕೋ ಕಳ್ಳನನ್ನ ನಾನು ಇದುವರೆಗೆ ಕಂಡಿಲ್ಲ.”

ಅಕ್ಕ ಸಾಲಿನ ಕಡೆ ನೋಡಿದಳು. ತನ್ನ ಕೈಗಳನ್ನು ನೋಡಿಕೊಂಡಳು. ಅವಳ ಕಿವಿ ಕೆಂಪಾಯಿತು.

“ಹಾಗೆ ಹಾಕಿದ್ರೆ ಎದೆ ಭಾಗ ಜೋತು ಬೀಳಲ್ಲ” ಎಂದಳು ಮೆಲ್ಲಗೆ. “ಹಾಕಿದ್ದು ನನಗೆ ಗೊತ್ತೇ ಇಲ್ಲ. ಕೈ ತನ್ನಷ್ಟಕ್ಕೆ ಮಾಡಿರುತ್ತೆ.”

ನಾನು ಕೂತಲ್ಲೇ ಕಾಲು ಚಾಚಿದೆ. ಕೆಲಸ ಮುಗಿಯಿತು ಎನಿಸಿತ್ತು.

“ಆದ್ರೆ ಮೇಡಂ, ಕದ್ದು ಒಳಗೆ ಹೋದೆ ಅಂತ ತಿಳ್ಕೋಬೇಡಿ. ಅವಳೇ ಕರೆದಳು.”

“ಯಾರು?”

“ಇನ್ಯಾರು? ನಿಮ್ಮ ಗುಬ್ಬಿ. ‘ಅಕ್ಕಾ, ಅಂಗಡಿಗೆ ಹೊಸ ಫ್ರೇಮುಗಳು ಬಂದಿವೆ, ಮಾಲೀಕರು ಬಿಡ್ತಿಲ್ಲ. ಇವತ್ತೊಂದಿನ ನನ್ನ ಬದಲು ನೀನು ಆಡು. ಗಂಟಲು ಕಟ್ಟಿದೆ, ಮಾತಾಡಲ್ಲ ಅಂತ ತಂಡಕ್ಕೆ ಹೇಳಿದ್ದೀನಿ. ಯಾರಿಗೂ ಬಾಯಿ ಬಿಡಬೇಡ’ ಅಂದಳು. ಪಾಸ್‌ವರ್ಡ್ ಹೊಡೆದು, ಕುರ್ಚಿ ಎಳೆದು ಕೂರಿಸಿ, ಕೆಲಸಕ್ಕೆ ಹೋದಳು. ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೆ, ಅದಕ್ಕೇ ಸುಮ್ಮನಿದ್ದೆ.”

ತಂಗಿ ನನಗೆ ಇದರಲ್ಲಿ ಅರ್ಧ ಅಕ್ಷರವನ್ನೂ ಹೇಳಿರಲಿಲ್ಲ.

“ಕರೆದ ಕೂಡಲೇ ನೀವು ಹೊರಟುಬಿಟ್ರಾ?”

“ಹೊರಡದೆ?” ಅಕ್ಕನ ದನಿ ಏರಿತು. “ಅವಳಿಗೆ ಆಟ ಹೇಳಿಕೊಟ್ಟವಳು ನಾನು. ಮೌಸ್ ಹಿಡಿಯೋಕೂ ಬರ್ತಿರಲಿಲ್ಲ ಅವಳಿಗೆ. ‘ಅಕ್ಕಾ ನಾನು ಸತ್ತೆ, ಅಕ್ಕಾ ನಾನು ಸತ್ತೆ’ ಅಂತ ಅಳ್ತಿದ್ದಳು. ಈಗ ನೋಡಿ, ಎಲ್ಲಿ ಹೋದ್ರೂ ‘ಓ, ನೀವು ಗುಬ್ಬಿಯ ಅಕ್ಕ ಅಲ್ವಾ?’ ಅಂತಾರೆ. ನನಗೆ ಹೆಸರೇ ಇಲ್ಲ. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಓಡಾಡ್ತಿದ್ದೀನಿ ಮೇಡಂ. ಅವಳು ಆಡಿದ ಒಂದೊಂದು ಆಟದ ರೆಕಾರ್ಡಿಂಗನ್ನೂ ತಿರುಗಿಸಿ ತಿರುಗಿಸಿ ನೋಡಿದ್ದೀನಿ. ಎಲ್ಲಾದ್ರೂ ತಪ್ಪು ಸಿಗುತ್ತಾ ಅಂತ. ಅಂಥವಳನ್ನ ಒಂದಿನ ಗುಬ್ಬಿಯಾಗು ಬಾ ಅಂದ್ರೆ ಬೇಡ ಅಂತೀನಾ?”

ನನಗೆ ಆ ಸಂಕಟ ಚೆನ್ನಾಗಿ ಗೊತ್ತು. ನನ್ನ ಓರಗಿತ್ತಿ ವಕೀಲೆ. ನೆಂಟರು ಬಂದರೆ ಅವಳ ಕೇಸುಗಳ ಕಥೆಯನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ನನ್ನ ಸರದಿ ಬಂದಾಗ “ಇನ್ನೂ ಅದನ್ನೇ ಮಾಡ್ತಿದ್ದೀಯಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಮತ್ತೆ ಅವಳ ಕಡೆ ತಿರುಗುತ್ತಾರೆ. ಪರರ ಹೊಟ್ಟೆಕಿಚ್ಚನ್ನು ಹುಡುಕುವ ಕಸುಬು ಸುಮ್ಮನೆ ನನಗೆ ಒಲಿದಿಲ್ಲ.

“ಆಮೇಲೆ?” ಎಂದೆ.

“ಆಮೇಲೆ ಏನು, ಆಡಿದೆ.” ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡಳು. ಅವಳ ಮುಖದಲ್ಲಿ ಒಂದು ಕ್ಷಣ ಬೆಳಕು ಬಂತು. “ಹೇಗೆ ಆಡಿದೆ ಅಂತೀರಾ! ಗುರಾಣಿಯವನು ಎಡಗಡೆಯ ಹೊಡೆತಕ್ಕೆ ಹೆದರ್ತಾನೆ, ಬಿಲ್ಲಿನವಳು ಗೆಲ್ಲೋ ಹೊತ್ತಿಗೆ ಮುಂದೆ ನುಗ್ತಾಳೆ, ಎಲ್ಲ ನನಗೆ ಬಾಯಿಪಾಠ. ಮೊದಲನೇ ಗುಹೆ ದಾಟಿದ್ವಿ, ಎರಡನೇದು ದಾಟಿದ್ವಿ. ಒಬ್ಬರಿಗೂ ಅನುಮಾನ ಬರಲಿಲ್ಲ. ನಾನು ಅವಳೇ ಆಗಿಬಿಟ್ಟಿದ್ದೆ.”

ಬೆಳಿಗ್ಗೆ ತಂಡದ ನಾಯಕ ನನಗೆ ಹೇಳಿದ್ದು ಇದನ್ನೇ. ಅವರು ಹಲ್ಲಿನ ಡಾಕ್ಟರು. ಗುಬ್ಬಿಯಲ್ಲಿ ಅಂಥದ್ದೇನಿದೆ ಎಂದು ನಾನು ಕೇಳಿದ್ದೆ. ಅವರು ಕೈಗವಸು ತೆಗೆದು ಹೇಳಿದ್ದರು.

“ಒಳ್ಳೆ ಆಯುಧ, ಒಳ್ಳೆ ಕವಚ ಎಲ್ಲರ ಹತ್ರಾನೂ ಇರುತ್ತೆ. ಆಡ್ತಾ ಆಡ್ತಾ ಬಂದೇ ಬರುತ್ತೆ. ಬೆರಳು ಚುರುಕಾಗಿ ಓಡೋ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಮಿಕ್ಕವರು ಹೊಡೆತ ಬಿದ್ದ ಮೇಲೆ ಮದ್ದು ಕೊಡ್ತಾರೆ. ಗುಬ್ಬಿ ಬೀಳೋಕೆ ಮುಂಚೆ ಕೊಡ್ತಾಳೆ. ರಾಕ್ಷಸನ್ನ ಅವಳು ನೋಡೋದೇ ಇಲ್ಲ, ನಮ್ಮನ್ನ ನೋಡ್ತಿರ್ತಾಳೆ. ಯಾರು ಯಾವ ಗಳಿಗೇಲಿ ಎದೆಗೆಡ್ತಾರೆ ಅಂತ ಅವಳಿಗೆ ನಮಗಿಂತ ಮೊದಲೇ ಗೊತ್ತಾಗುತ್ತೆ. ಅದನ್ನ ಕಲಿಸೋಕೆ ಬರಲ್ಲ ಮೇಡಂ.”

ಅಷ್ಟು ಹೇಳಿ ಮುಂದಿನ ರೋಗಿಯನ್ನು ಕರೆದಿದ್ದರು. ಅಳೆದು ತೂಗಿ ಮಾತಾಡುವ, ಯಾರನ್ನೂ ನೋಯಿಸದ ಮನುಷ್ಯ.

“ಚೆನ್ನಾಗಿ ಆಡ್ತಿದ್ದವರು ಬಿಟ್ಟು ಎದ್ದಿದ್ದು ಯಾಕೆ?” ನಾನು ಅಕ್ಕನನ್ನು ಕೇಳಿದೆ.

ಅವಳು ಅರ್ಧ ಇಸ್ತ್ರಿಯಾದ ಅಂಗಿಯನ್ನು ಸುಮ್ಮನೆ ಮಡಿಸಿದಳು, ಮತ್ತೆ ಬಿಡಿಸಿದಳು.

“ಮೂರನೇ ಗುಹೆ ಬಾಗಿಲಲ್ಲಿ ಇದ್ವಿ. ಹೆಡ್‌ಫೋನಿನಲ್ಲಿ ಡಾಕ್ಟರ ದನಿ ಬಂತು. ‘ಗುಬ್ಬೀ, ಇವತ್ತು ನೀನು ಎಂದಿಗಿಂತ ಚೆನ್ನಾಗಿ ಆಡ್ತಿದ್ದೀಯ. ನಿನ್ನ ಜಾಗದಲ್ಲಿ ನಿಮ್ಮ ಅಕ್ಕ ಇದ್ದಿದ್ರೆ ಮೊದಲನೇ ಗುಹೆಯಲ್ಲೇ ನಮ್ಮ ಹೆಣ ಬೀಳ್ತಿತ್ತು’ ಅಂದ್ರು. ಎಲ್ಲರೂ ಗೊಳ್ಳಂತ ನಕ್ಕರು.”

ಅವಳ ಕಣ್ಣು ತುಂಬಿತು.

“ಆ ಜಾಗದಲ್ಲಿ ನಾನೇ ಇದ್ದೆ ಮೇಡಂ! ಆಡ್ತಿದ್ದವಳು ನಾನು. ಹೊಗಳಿಕೆ ಅವಳಿಗೆ, ಬೈಗುಳ ನನಗೆ. ಬಾಯಿ ಬಿಟ್ಟು ಹೇಳೋ ಹಾಗೂ ಇಲ್ಲ. ಮೈಯೆಲ್ಲ ಉರಿದುಹೋಯ್ತು. ಕೈ ಹಿಂದಕ್ಕೆ ತಗೊಂಡೆ. ಮದ್ದಿತ್ತು, ಕೊಡಲಿಲ್ಲ. ಒಬ್ಬೊಬ್ಬರೇ ಬೀಳೋದನ್ನ ನೋಡಿದೆ. ‘ಗುಬ್ಬೀ, ಗುಬ್ಬೀ’ ಅಂತ ಕೂಗ್ತಿದ್ರು. ಕೂಗ್ಲಿ ಅಂತ ಗುಬ್ಬಿಯನ್ನ ಆಚೆ ನಡೆಸಿಕೊಂಡು ಬಂದೆ.”

ಬೀದಿಯಲ್ಲಿ ಯಾವುದೋ ಸ್ಕೂಟರು ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಅಕ್ಕ ಮೂಗು ಒರೆಸಿಕೊಂಡು, “ಸಂಜೆ ಹೋಗಿ ನನ್ನ ಹೆಸರು ಹೇಳಿಬಿಡಿ. ಅವಳ ಜಾಗ ಅವಳಿಗೆ ಉಳೀಲಿ. ಇನ್ನು ನನ್ನನ್ನ ಯಾವ ತಂಡದವರೂ ಹತ್ತಿರ ಸೇರಿಸಲ್ಲ, ಅಷ್ಟೇ ತಾನೇ” ಎಂದಳು.

ನಾನು ಎದ್ದು ಹೊರಡಬಹುದಿತ್ತು. ಆದರೆ ಒಂದು ಎಳೆ ಹೊಂದಲಿಲ್ಲ. ಬೆಳಿಗ್ಗೆ ನಾನು ಕಂಡ ಡಾಕ್ಟರಿಗೂ “ಹೆಣ ಬೀಳ್ತಿತ್ತು” ಎಂಬ ಮಾತಿಗೂ ತಾಳೆಯಾಗುತ್ತಿರಲಿಲ್ಲ. ಫೋನ್ ತೆಗೆದು ಅವರಿಗೆ ಕರೆ ಮಾಡಿ, ಅಕ್ಕನಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

“ಡಾಕ್ಟರೇ, ಒಂದೇ ಪ್ರಶ್ನೆ. ಭಾನುವಾರ ಮೂರನೇ ಗುಹೆ ಹತ್ರ ಹದ್ದಿನ ಬಗ್ಗೆ ಒಂದು ಮಾತು ಅಂದ್ರಂತೆ.”

“ಅಯ್ಯೋ, ಅದು ನನ್ನ ಮಾತಲ್ಲ.” ಅವರ ಹಿಂದೆ ಯಾರೋ ಬಾಯಿ ಮುಕ್ಕಳಿಸುತ್ತಿದ್ದರು. “ಆವತ್ತು ಬೆಳಿಗ್ಗೆ ಗುಬ್ಬಿನೇ ಮೆಸೇಜ್ ಮಾಡಿ ಹೇಳಿಕೊಟ್ಟಿದ್ದಳು. ‘ಅಕ್ಕನ್ನ ಆಡಿಕೊಂಡ್ರೆ ನನಗೆ ಹುರುಪು ಬರುತ್ತೆ. ಮೂರನೇ ಗುಹೆಗೆ ಕಾಲಿಡೋ ಮುಂಚೆ ಹೀಗೇ ಅನ್ನಿ’ ಅಂತ. ಅಕ್ಕ ತಂಗಿ ತಮಾಷೆ ಅಂದ್ಕೊಂಡೆ. ನನಗೇನೋ ಹದ್ದಿನ ಆಟ ಇಷ್ಟ. ದೊಡ್ಡ ಪಂದ್ಯಕ್ಕೆ ಅವರನ್ನೂ ಕರೆಸೋಣ, ಇಬ್ಬರಲ್ಲಿ ಚೆನ್ನಾಗಿ ಆಡೋರಿಗೆ ಜಾಗ ಕೊಡೋಣ ಅಂತ ಹಿಂದಿನ ವಾರವಷ್ಟೇ ಗುಬ್ಬಿಗೆ ಹೇಳಿದ್ದೆ.”

“ಗುಬ್ಬಿ ಏನಂದ್ರು?”

“‘ಆಗ್ಲಿ, ಅದಕ್ಕೇನು’ ಅಂದಳು.”

ಫೋನ್ ಇಟ್ಟೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರು ಯಾವ ಗಳಿಗೆಯಲ್ಲಿ ಎದೆಗೆಡುತ್ತಾರೆಂದು ಮೊದಲೇ ತಿಳಿಯುವವಳು ಒಡಹುಟ್ಟಿದವಳನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಬೇರೆಯವರ ಬಾಯಿಂದ ಒಂದು ಮಾತು ಹೇಳಿಸಿ, ಅವಳು ಕುಸಿಯುವಂತೆ ಮಾಡಿದ್ದಳು. ಆಮೇಲೆ ಅವಳನ್ನು ಹಿಡಿದು ತಂಡದ ಮುಂದೆ ನಿಲ್ಲಿಸಲು ನನ್ನನ್ನು ಗೊತ್ತುಮಾಡಿದ್ದಳು. ನಾನು ಬಾಲ ಅಲ್ಲಾಡಿಸಿಕೊಂಡು ಗುಂಡಿ ಎಣಿಸುತ್ತಾ ಬಂದಿದ್ದೆ.

ಅಕ್ಕ ಅಳುತ್ತಾಳೆ ಎಂದುಕೊಂಡೆ. ಅವಳು ನಗುತ್ತಿದ್ದಳು.

“ಕೇಳಿದ್ರಾ ಮೇಡಂ? ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು!” ಮೇಜಿಗೆ ಕೈ ಊರಿ ಮೈ ಕುಲುಕಿಸಿ ನಕ್ಕಳು. “ಇಷ್ಟು ವರ್ಷ ನಾನೊಬ್ಬಳೇ ಬೇಯ್ತಿದ್ದೀನಿ ಅಂದ್ಕೊಂಡಿದ್ದೆ. ಮೊದಲನೇ ಜಾಗದಲ್ಲಿ ಕೂತವಳಿಗೆ ಎರಡನೇಯವಳ ಮೇಲೆ ಹೊಟ್ಟೆಕಿಚ್ಚಂತೆ! ನನ್ನ ಮೇಲೆ!”

ಅಂಥ ಸಂತೋಷವನ್ನು ನಾನು ಮದುಮಗಳ ಮುಖದಲ್ಲೂ ನೋಡಿಲ್ಲ. ನಿಜ ಹೇಳಬೇಕೆಂದರೆ, ನನಗೇ ಸ್ವಲ್ಪ ಅಸೂಯೆಯಾಯಿತು. ಓರಗಿತ್ತಿ ನನ್ನ ಬಗ್ಗೆ ಹಾಗೆ ಒಂದು ದಿನವಾದರೂ ಉರಿದಿದ್ದರೆ ನಾನು ಓಣಿಗೆಲ್ಲ ಸಿಹಿ ಹಂಚುತ್ತಿದ್ದೆ.

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಸ್ಪೀಕರಿನಲ್ಲೇ ಎತ್ತಿಕೊಂಡೆ. ತಂಗಿ.

“ಸಿಕ್ಕಿದ್ರಾ ಮೇಡಂ? ಸಂಜೆ ಹತ್ತಿರ ಬಂತು.”

“ಸಿಕ್ಕಿದ್ರು. ಡಾಕ್ಟರಿಗೆ ಮಾತು ಹೇಳಿಕೊಟ್ಟವರೂ ಸಿಕ್ಕಿದ್ರು.”

ಅಕ್ಕ ಮುಂದೆ ಬಗ್ಗಿ, “ಯಾಕೆ ಪುಟ್ಟೀ? ಕೇಳಿದ್ರೆ ಪಂದ್ಯಕ್ಕೆ ನಾನೇ ಬರಲ್ಲ ಅಂತಿದ್ದೆನಲ್ಲ” ಎಂದಳು.

“ನೀನು ಬರಲ್ಲ ಅಂತಿದ್ದೆಯಾ?” ತಂಗಿಯ ದನಿ ಒಡೆಯಿತು. “ಸುಳ್ಳು ಹೇಳಬೇಡ ಅಕ್ಕಾ. ಓಡಿ ಬರ್ತಿದ್ದೆ. ಬಂದು ನನಗಿಂತ ಚೆನ್ನಾಗಿ ಆಡ್ತಿದ್ದೆ. ಭಾನುವಾರ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ನೋಡ್ತಿದ್ದೆ ನಾನು. ಎರಡನೇ ಗುಹೆಯಲ್ಲಿ ನೀನು ಬಿಲ್ಲಿನವಳನ್ನ ಉಳಿಸಿದ್ದು ನನ್ನ ಕೈಲಿ ಆಗ್ತಿರಲಿಲ್ಲ. ಚಿಕ್ಕಂದಿನಿಂದ ಓದು ನಿನ್ನದು, ಚೆಂದ ನಿನ್ನದು, ಅಪ್ಪನ ತೊಡೆ ನಿನ್ನದು. ಇದೊಂದು ನನ್ನದಾಗಿತ್ತು. ಇದಕ್ಕೂ ಕೈ ಹಾಕಿದೆ.”

“ಆಟ ಹೇಳಿಕೊಟ್ಟವಳೇ ನಾನು ಕಣೇ!”

“ಹೇಳಿಕೊಟ್ಟೆ, ಗೆಲ್ಲು ಅಂತ ಹೇಳಿಕೊಡಲಿಲ್ಲ. ನಾನು ಗೆದ್ದ ದಿನ ನೀನು ಊಟ ಮಾಡಲಿಲ್ಲ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ?”

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು. ಇಬ್ಬರ ನಡುವೆ ಫೋನು ಹಿಡಿದ ನನ್ನ ಕೈ ಜೋಮು ಹಿಡಿಯುತ್ತಿತ್ತು.

“ಇಬ್ಬರೂ ಕೇಳಿ” ಎಂದೆ. “ಸಂಜೆ ನಾನು ನಡೆದದ್ದನ್ನ ನಡೆದ ಹಾಗೆ ಹೇಳ್ತೀನಿ. ಗುಬ್ಬಿ ಜಾಗ ಯಾರಿಗೆ ಅಂತ ತಂಡ ತೀರ್ಮಾನ ಮಾಡಲಿ.”

“ತಾಳಿ ಮೇಡಂ” ಎಂದಳು ತಂಗಿ. ದನಿ ಒಮ್ಮೆಗೇ ಬೇರೆಯಾಗಿತ್ತು. “ಇದೇನಿದು? ಆಟ ನನ್ನನ್ನ ಆಚೆ ಹಾಕ್ತು.”

“ಅಂದ್ರೆ?”

“ಗುಬ್ಬಿಯ ಲಾಗಿನ್ ತೆರೆದಿಟ್ಟುಕೊಂಡು ಕೂತಿದ್ದೆ. ಬೇರೆ ಎಲ್ಲಿಂದಲೋ ಯಾರಾದ್ರೂ ಅದರಲ್ಲಿ ಒಳಗೆ ಹೋದ್ರೆ ಮಾತ್ರ ಹೀಗೆ ಆಚೆ ಹಾಕುತ್ತೆ. ಅಕ್ಕಾ, ನೀನಾ?”

“ನನ್ನ ಕೈಲಿ ಇಸ್ತ್ರಿಪೆಟ್ಟಿಗೆ ಇದೆ ಕಣೇ!”

ಅದು ನಿಜ. ಅವಳ ಕೈ ನನ್ನ ಕಣ್ಣ ಮುಂದೆಯೇ ಇತ್ತು. ಆಗ ಅವಳ ಮೊಬೈಲು ಬಟ್ಟೆಗಂಟಿನ ಮೇಲೆ ಕುಯ್‌ಗುಟ್ಟಿತು. ಅವಳು ಎತ್ತಿ ನೋಡಿದಳು, ಆಮೇಲೆ ನನ್ನ ಕಡೆ ಹಿಡಿದಳು. ಆಡುವವರೆಲ್ಲ ಸಂದೇಶ ಬರೆದು ಓದುವ ಆಟದ ಗೋಡೆಯ ಮೇಲೆ ಗುಬ್ಬಿಯ ಹೆಸರಿನಲ್ಲಿ ಹೊಸ ಸಾಲು ಬಂದಿತ್ತು.

‘ಭಾನುವಾರ ನಿಮ್ಮನ್ನು ಸಾಯಲು ಬಿಟ್ಟವಳು ನಾನೇ. ತಂಡ ಬಿಟ್ಟಿದ್ದೇನೆ. ನನ್ನ ಜಾಗ ಅಕ್ಕನಿಗೆ ಕೊಡಿ.’

ಓದಿದ ಗಳಿಗೆಯಲ್ಲಿ ಅಕ್ಕನ ತುಟಿಯ ಮೇಲೆ ಬಂದ ನಗೆಯನ್ನು ನಾನು ನೋಡಿದೆ. ಅವಳು ಅದನ್ನು ಕೂಡಲೇ ನುಂಗಿದಳು. ಆಮೇಲೆ ಅವಳ ಮುಖ ನಿಜವಾಗಿಯೂ ಬಿಳಿಚಿಕೊಂಡಿತು.

“ಇದು ನಾನು ಬರೆದಿದ್ದಲ್ಲ!” ಫೋನಿನಲ್ಲಿ ತಂಗಿ ಕಿರುಚಿದಳು. ಅವಳೂ ಓದಿರಬೇಕು. “ಸತ್ರೂ ಇಂಥದ್ದು ಬರೆಯಲ್ಲ!”

“ನಾನೂ ಅಲ್ಲ, ನಾನೂ ಅಲ್ಲ” ಎಂದಳು ಅಕ್ಕ. “ನನಗೆ ಇದು ಬೇಕಿತ್ತು ನಿಜ. ಹೀಗೆ ಬೇಡ.”

“ಪಾಸ್‌ವರ್ಡ್ ಇನ್ನು ಯಾರಿಗೆ ಗೊತ್ತು?” ಎಂದು ನಾನು ತಂಗಿಯನ್ನು ಕೇಳಿದೆ.

“ಹಳೇದಾಗಿದ್ರೆ ಅಕ್ಕನ ಮೇಲೆ ಅನುಮಾನ ಪಡ್ತಿದ್ದೆ. ಸೋಮವಾರ ನೀವು ಮನೆಗೆ ಬಂದಾಗ ‘ಮೊದಲು ಅದನ್ನ ಬದಲಾಯಿಸಿ’ ಅಂದ್ರಲ್ಲ, ಆಗಲೇ ಬದಲಾಯಿಸಿದೆ. ಆಮೇಲೆ ಯಾರಿಗೂ ಹೇಳಿಲ್ಲ, ಎಲ್ಲೂ ಬರೆದಿಟ್ಟಿಲ್ಲ.” ಆಮೇಲಿನ ಪದಗಳು ಒಂದೊಂದಾಗಿ ಬಂದವು. “ನಾನು ಟೈಪ್ ಮಾಡುವಾಗ ಕುರ್ಚಿ ಹಿಂದೆ ನಿಂತಿದ್ದವರು ನೀವೊಬ್ಬರೇ ಮೇಡಂ.”

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಮೇಜು ಸುತ್ತಿ ಬಂದು ನನಗೂ ಬಾಗಿಲಿಗೂ ನಡುವೆ ನಿಂತಳು.

“ನೋಡ್ಲಿಲ್ಲ ಅಂತ ಹೇಳಿ ಮೇಡಂ. ನಂಬ್ತೀನಿ.”

ಹೇಳಲು ಬಾಯಿ ತೆರೆದೆ. ಆದರೆ ಆ ಪಾಸ್‌ವರ್ಡಿನ ಒಂದೊಂದು ಅಕ್ಷರವೂ ನನ್ನ ನಾಲಿಗೆಯ ತುದಿಯಲ್ಲಿತ್ತು.